ನಾಲ್ಕು ಬೈಬಲ್ಲು, ಒಂದು ರಟ್ಟು

ಭಾವಮೈದುನ ಪ್ರತಿ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕೆ ಬರುತ್ತಿದ್ದ. ಅದರ ಬಗ್ಗೆ ಬೈಂಡರಿಗೆ ಯಾವ ತಕರಾರೂ ಇರಲಿಲ್ಲ. ಬರಲಿ, ಉಣ್ಣಲಿ, ಬೇಡ ಬೇಡ ಅನ್ನುತ್ತಲೇ ಇನ್ನೊಂದು ತುಂಡು ಹಾಕಿಸಿಕೊಳ್ಳಲಿ. ಹೆಂಡತಿಗೆ ತವರು ಅಂತ ಉಳಿದಿದ್ದದ್ದೇ ಆ ಒಬ್ಬ ತಮ್ಮ. ತಕರಾರಿದ್ದದ್ದು ಅವನ ಕಂಕುಳಲ್ಲಿ ಕೂತು ಬರುತ್ತಿದ್ದ ಪುಸ್ತಕದ ಬಗ್ಗೆ. ಕಪ್ಪು ಹೊದಿಕೆ, ಸುತ್ತಲೂ ಜಿಪ್ಪು. ಕೈ ತೊಳೆದು ಬಂದವನೇ ಸರ್ರನೆ ಜಿಪ್ಪು ಎಳೆದು, ಪುಸ್ತಕವನ್ನು ತಟ್ಟೆಗಳ ನಡುವೆ ಇಟ್ಟು ಕೇಳುತ್ತಿದ್ದ:

“ಭಾವ, ಸತ್ತವರಿಗೋಸ್ಕರ ಪ್ರಾರ್ಥನೆ ಮಾಡ್ಬೇಕು ಅಂತ ಎಲ್ಲಿದೆ? ಇದ್ರಲ್ಲಿ ಎಲ್ಲೂ ಸಿಗ್ತಿಲ್ಲ. ನಿಮ್ಮದ್ರಲ್ಲಿ ಇದ್ರೆ ತೋರ್ಸಿ.”

ಮೊದಲ ಸಲ ಕೇಳಿದಾಗ ಬೈಂಡರು ಕೆಮ್ಮಿದರು. ಎರಡನೇ ಸಲ ನೀರು ಕುಡಿದರು. ಮೂರನೇ ಸಲ, “ಎಲ್ಲದಕ್ಕೂ ಒಂದು ಸಮಯ ಅಂತ ಇರುತ್ತಪ್ಪ” ಎಂದು ಗಂಭೀರವಾಗಿ ಹೇಳಿ ಎದ್ದುಹೋದರು. ಎದ್ದು ಹೋಗಲು ದೂರವೇನಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅವರ ಬೈಂಡಿಂಗ್ ಅಂಗಡಿ.

ಬೈಂಡರು ಮೂವತ್ತು ವರ್ಷದಿಂದ ಪುಸ್ತಕಗಳ ಮಧ್ಯೆಯೇ ಬದುಕಿದವರು. ವಕೀಲರ ದಪ್ಪ ಸಂಪುಟ, ಕಾಲೇಜಿನವರ ಪ್ರಬಂಧ, ಶಾಲೆಯ ಹಾಜರಿ ಪುಸ್ತಕ, ಚರ್ಚಿನ ಹಾಡಿನ ಪುಸ್ತಕ ಎಲ್ಲಕ್ಕೂ ಬೆನ್ನು ಕಟ್ಟಿದ್ದರು. ಲಕ್ಷಗಟ್ಟಲೆ ಪುಟಗಳನ್ನು ಹೊಲಿದಿದ್ದರು; ಓದಿದ್ದು ಮಾತ್ರ ಬೆನ್ನಿನ ಮೇಲಿನ ಹೆಸರುಗಳನ್ನು. (ಪುಸ್ತಕ ಒಳಗಿನಿಂದ ಹೇಗಿದೆ ಎನ್ನುವುದು ಬರೆದವನ ಜವಾಬ್ದಾರಿ, ಹೊರಗಿನಿಂದ ಹೇಗಿದೆ ಎನ್ನುವುದು ತಮ್ಮದು ಎಂಬುದು ಅವರ ಸಿದ್ಧಾಂತ.) ಮನೆಯಲ್ಲಿದ್ದದ್ದು ಮದುವೆಯಲ್ಲಿ ಬಂದ, ಬೈಬಲ್ಲಿನ ಎರಡನೇ ಭಾಗ ಮಾತ್ರವಿದ್ದ ಪುಟ್ಟ ಹೊಸ ಒಡಂಬಡಿಕೆ ಒಂದೇ. ಅದನ್ನು ಹೆಂಡತಿ ಓದುತ್ತಿದ್ದಳು, ಬೈಂಡರು ಅದರ ಹೊಲಿಗೆ ಸಡಿಲವಾಗಿದೆ ಎಂದು ಆಗಾಗ ಟೀಕಿಸುತ್ತಿದ್ದರು.

ಭಾವಮೈದುನ ಫ್ರಿಜ್ ರಿಪೇರಿಯವನು. ಆರು ತಿಂಗಳ ಹಿಂದೆ ಅವನ ಹೆಂಡತಿ ತೀರಿಕೊಂಡಿದ್ದಳು. ಅದಾದ ಮೇಲೆ ಅವನು ಚರ್ಚಿನ ಕಡೆ ಬರುವುದು ಬಿಟ್ಟು, ಗ್ಯಾರೇಜಿನ ಹಿಂದೆ ತಗಡಿನ ಚಾವಣಿಯ ಕೆಳಗೆ ನಡೆಯುವ ಒಂದು ಪ್ರಾರ್ಥನಾ ಮಂದಿರಕ್ಕೆ ಹೋಗತೊಡಗಿದ್ದ. ಅಲ್ಲಿಯವರು ಸತ್ತವರಿಗಾಗಿ ಪ್ರಾರ್ಥಿಸುವುದಿಲ್ಲ. ಆ ಲೆಕ್ಕ ದೇವರ ಹತ್ತಿರ ಆಗಲೇ ಮುಗಿದಿರುತ್ತದೆ ಎನ್ನುತ್ತಾರೆ. ಭಾವಮೈದುನ ಅಲ್ಲಿಂದ ಕಲಿತು ಬಂದು ತಮ್ಮ ಮನೆಯ ಅನ್ನ ತಿಂದು ತಮಗೇ ಸವಾಲು ಹಾಕುತ್ತಿದ್ದಾನೆ ಎಂದು ಬೈಂಡರು ತೀರ್ಮಾನಿಸಿದರು. ಅವನನ್ನು ವಾದದಲ್ಲಿ ಗೆದ್ದು, ಕೈ ಹಿಡಿದು ಚರ್ಚಿಗೆ ಮರಳಿ ಕರೆತರುವುದು ತಮ್ಮ ಕರ್ತವ್ಯ ಎಂದು ಪಣ ತೊಟ್ಟರು.

ಚರ್ಚಿನ ಗುರುಗಳ ಹತ್ತಿರ ಹೋಗಿ ಭಾವಮೈದುನನ ಪ್ರಶ್ನೆಯನ್ನು ಮುಂದಿಟ್ಟರು. ಗುರುಗಳು ಗುಲಾಬಿ ಗಿಡಕ್ಕೆ ನೀರು ಹಾಕುತ್ತಿದ್ದರು. ನಲ್ಲಿ ನಿಲ್ಲಿಸದೆಯೇ ಹೇಳಿದರು: “ಮಕ್ಕಬಿಯರ ಎರಡನೇ ಗ್ರಂಥ, ಹನ್ನೆರಡನೇ ಅಧ್ಯಾಯ, ಕೊನೇ ಭಾಗ. ಯುದ್ಧದಲ್ಲಿ ಸತ್ತವರಿಗೋಸ್ಕರ ಪ್ರಾರ್ಥನೆ ಮಾಡಿಸ್ತಾರೆ. ನಮ್ಮ ಬೈಬಲ್‌ನಲ್ಲಿ ಎಪ್ಪತ್ತಮೂರು ಪುಸ್ತಕ, ಆ ಮಂದಿರದವರದ್ರಲ್ಲಿ ಅರವತ್ತಾರು. ಇಲ್ಲದಿರೋ ಏಳರಲ್ಲಿ ಇದೂ ಒಂದು. ಅದಕ್ಕೇ ಅವನಿಗೆ ಸಿಕ್ಕಿಲ್ಲ.”

“ಯಾವ ಅನುವಾದ ತಗೊಳ್ಳಲಿ, ಫಾದರ್?”

“ಯಾರಿಗೆ ಓದಿ ಹೇಳ್ಬೇಕು?”

“ಭಾವಮೈದುನನಿಗೆ.”

“ಹಾಗಾದ್ರೆ ಅವನಿಗೆ ಅರ್ಥ ಆಗೋದು ತಗೊಳ್ಳಿ.”

ಸಲಹೆ ಅಷ್ಟು ಸುಲಭವಾಗಿದ್ದದ್ದೇ ಬೈಂಡರಿಗೆ ಹಿಡಿಸಲಿಲ್ಲ. ಧರ್ಮರಕ್ಷಣೆ ಎಂದರೆ ಅಂಗಡಿಯಿಂದ ಸಾಬೂನು ತಂದಷ್ಟು ಹಗುರವೇ?

ಸನ್ಯಾಸಿನಿಯರು ನಡೆಸುವ ಪುಸ್ತಕದಂಗಡಿಗೆ ಬೈಂಡರು ದಂಡಯಾತ್ರೆ ಹೊರಟರು. ಅಲ್ಲಿನ ಸಿಸ್ಟರ್ ಒಂದು ಬೈಬಲ್ ಕೈಗೆ ಕೊಟ್ಟರೆ ಇವರು ಅದನ್ನು ತೆರೆಯುವ ಬದಲು ತಿರುಗಿಸಿ ಬೆನ್ನು ಒತ್ತಿ ನೋಡಿದರು, ಮೂಸಿದರು, ಒಂದು ಪುಟ ಹಿಡಿದು ಇಡೀ ಪುಸ್ತಕವನ್ನು ಎತ್ತಿದರು. “ಅಯ್ಯೋ, ಏನ್ ಮಾಡ್ತಿದೀರಿ?” ಎಂದರು ಸಿಸ್ಟರ್. “ಹೊಲಿಗೆ ನೋಡ್ತಿದೀನಿ ಸಿಸ್ಟರ್. ವಾದ ಮಾಡುವಾಗ ಪುಟ ಕಳಚಿ ಬಿದ್ರೆ ಮರ್ಯಾದೆ ಪ್ರಶ್ನೆ” ಎಂದರು ಇವರು. ಒಂದೂವರೆ ತಿಂಗಳಲ್ಲಿ ಒಂಬತ್ತು ಸಲ ಹೋದರು. ಹತ್ತನೆಯ ಸಲ ಇವರನ್ನು ಬಾಗಿಲಲ್ಲಿ ಕಂಡೊಡನೆ ಸಿಸ್ಟರ್ ಒಳಗಿನ ಕೋಣೆಗೆ ಹೋಗಿ ಜಪಸರ ಹಿಡಿದರಂತೆ.

ಕೊನೆಗೆ ಅಳೆದು ಸುರಿದು ನಾಲ್ಕು ಬೈಬಲ್ ಮನೆಗೆ ಬಂದವು. ಒಂದು, ಯಾರದೋ ಅಜ್ಜನ ಕಾಲದ್ದು. ಅದರ ಭಾಷೆ ಎಷ್ಟು ಘನವಾದದ್ದೆಂದರೆ ಓದಿದರೆ ಅರ್ಥವಾಗುವುದಿಲ್ಲ, ಆದರೆ ಎದ್ದು ನಿಲ್ಲಬೇಕು ಅನ್ನಿಸುತ್ತದೆ. ಇನ್ನೊಂದು ಅಡಿಟಿಪ್ಪಣಿಯದು. ಪುಟದ ಮೇಲೆ ಮೂರು ಸಾಲು ದೇವರು, ಕೆಳಗೆಲ್ಲ ಪಂಡಿತರು. ಮೂರನೆಯದು ಸುಲಭ ಭಾಷೆಯದು. ಮಕ್ಕಳೂ ಓದಬಹುದು, ಹಾಗಾಗಿ ಬೈಂಡರಿಗೆ ಅದರ ಮೇಲೆ ಗೌರವವಿರಲಿಲ್ಲ. ನಾಲ್ಕನೆಯದನ್ನು ಎಪ್ಪತ್ತಮೂರರವರು, ಅರವತ್ತಾರರವರು ಎರಡೂ ಕಡೆಯವರು ಕೂಡಿ ಅನುವಾದ ಮಾಡಿದ್ದರು. ಆ ಏಳು ಪುಸ್ತಕಗಳನ್ನು, ಪಾಲಾದ ಮನೆಯಲ್ಲಿ ನಡುಮನೆಯನ್ನು ಮಾತ್ರ ಒಟ್ಟಿಗೆ ಇಟ್ಟುಕೊಂಡ ಅಣ್ಣತಮ್ಮಂದಿರ ಹಾಗೆ, ಮಧ್ಯದಲ್ಲಿ ಬೇರೆಯಾಗಿ ಇಟ್ಟಿದ್ದರು. ಬೈಂಡರು ಅದನ್ನು ಅನುಮಾನದಿಂದಲೇ ನೋಡಿದರು. ಅರ್ಧ ಎದುರಾಳಿಯ ಕೈಬರಹ ಇರುವ ಪುಸ್ತಕ ಹಿಡಿದು ಎದುರಾಳಿಯ ಮುಂದೆ ಕೂರುವುದು ಹೇಗೆ?

“ಯಾವುದಾದ್ರೂ ಒಂದು ತೆಗೆದು ಆ ಪುಟ ತೋರಿಸ್ರೀ. ಪಾಪ, ವಾರ ವಾರ ಕೇಳ್ತಾನೆ” ಎಂದಳು ಹೆಂಡತಿ.

“ನಿನಗೆ ಗೊತ್ತಾಗಲ್ಲ ಕಣೇ. ಸುಲಭದ್ದು ತೋರಿಸಿದ್ರೆ ‘ಇದು ಮಕ್ಕಳದ್ದು’ ಅಂತಾನೆ. ಹಳೇದು ತೋರಿಸಿದ್ರೆ ಅರ್ಥ ಕೇಳ್ತಾನೆ.”

“ಅರ್ಥ ಹೇಳಿ.”

“ಅರ್ಥ ನನಗೆ ಗೊತ್ತಿದ್ರೆ ತಾನೇ!”

ಆಗಲೇ ಬೈಂಡರ ತಲೆಯಲ್ಲಿ ಮಿಂಚಿನಂಥ ಆಲೋಚನೆ ಹೊಳೆದದ್ದು. ನಾಲ್ಕರಲ್ಲಿ ಒಂದನ್ನು ಏಕೆ ಆರಿಸಬೇಕು? ನಾಲ್ಕನ್ನೂ ಬಿಚ್ಚಿ, ಪ್ರತಿಯೊಂದರಿಂದ ಉತ್ತಮವಾದದ್ದನ್ನು ತೆಗೆದು, ಒಂದೇ ರಟ್ಟಿನೊಳಗೆ ಹೊಲಿದರೆ? ಕೀರ್ತನೆಗಳು ಹಳೆಯದರಿಂದ, ಶುಭಸಂದೇಶಗಳು ಸುಲಭದ್ದರಿಂದ, ಪತ್ರಗಳು ಅಡಿಟಿಪ್ಪಣಿಯದರಿಂದ, ಪ್ರವಾದಿಗಳು ಕೂಡಿ ಮಾಡಿದ್ದರಿಂದ. ಜಗತ್ತಿನ ಯಾವ ಬಿಷಪ್ಪರಿಗೂ ಹೊಳೆಯದ ಉಪಾಯ! (ಹೊಳೆದಿರಲೂಬಹುದು. ಆದರೆ ಅವರ ಹತ್ತಿರ ಕತ್ತರಿಸುವ ಯಂತ್ರ ಇರಲಿಲ್ಲ.)

“ದೇವರ ಪುಸ್ತಕಕ್ಕೆ ಚಾಕು ಹಾಕ್ತೀರಲ್ರೀ!” ಹೆಂಡತಿ ಕೆನ್ನೆ ಹಿಡಿದುಕೊಂಡಳು.

“ಚಾಕು ಅಲ್ಲ, ಶಸ್ತ್ರಚಿಕಿತ್ಸೆ.”

ಶಸ್ತ್ರಚಿಕಿತ್ಸೆ ಮೂರು ತಿಂಗಳು ನಡೆಯಿತು. ಪುಸ್ತಕವೆಂದರೆ ಹದಿನಾರು ಹದಿನಾರು ಪುಟಗಳ ಮಡಿಕೆ. ಬೈಂಡರ ಭಾಷೆಯಲ್ಲಿ ಒಂದೊಂದು ಮಡಿಕೆ ಒಂದೊಂದು ಫಾರಂ. ಮುಂದಿನ ಕೋಣೆಯ ಮೇಜು, ಕುರ್ಚಿ, ಕಿಟಕಿ ಎಲ್ಲದರ ಮೇಲೂ ಫಾರಂಗಳ ಗುಡ್ಡೆ. ಗಿರಾಕಿಗಳು ಬಂದರೆ ನಿಂತೇ ಮಾತಾಡಬೇಕು. ಒಬ್ಬ ವಕೀಲರು ಗೊತ್ತಿಲ್ಲದೆ ಅರ್ಧ ಗಂಟೆ ವಿಮೋಚನಕಾಂಡದ ಮೇಲೆ ಕೂತಿದ್ದು ಎದ್ದುಹೋದರು. ನಾಲ್ಕೂ ಬೇರೆ ಬೇರೆ ಅಳತೆಯವು. ಎಲ್ಲವನ್ನೂ ಅತಿ ಚಿಕ್ಕದರ ಅಳತೆಗೆ ಯಂತ್ರದಲ್ಲಿ ಕತ್ತರಿಸಿದರು. ಕತ್ತರಿಸಿ ನೋಡಿದರೆ ಅಡಿಟಿಪ್ಪಣಿಯ ಬೈಬಲ್‌ನಲ್ಲಿ ಅಡಿಯೇ ಇಲ್ಲ, ಪಂಡಿತರೆಲ್ಲ ಬುಟ್ಟಿಯಲ್ಲಿದ್ದರು. ಪುಟಸಂಖ್ಯೆಗಳೋ, ಮುನ್ನೂರರ ನಂತರ ತೊಂಬತ್ತೆಂಟು, ಆಮೇಲೆ ಏಕಾಏಕಿ ಸಾವಿರದ ಇನ್ನೂರು, ಕುಡಿದವನ ನಡಿಗೆಯ ಹಾಗೆ. ಬೈಂಡರು ಎದೆಗುಂದಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಬಹಳ ಎಚ್ಚರ ವಹಿಸಿದರು. ಮಕ್ಕಬಿಯರ ಎರಡನೇ ಗ್ರಂಥ ಇಡೀ ಯುದ್ಧದ ಬ್ರಹ್ಮಾಸ್ತ್ರ. ಅದನ್ನು ಅವಸರದಲ್ಲಿ ಆರಿಸುವಂತಿಲ್ಲ. ಹಾಗಾಗಿ ನಾಲ್ಕೂ ಬೈಬಲ್‌ಗಳಿಂದ ಆ ಭಾಗವನ್ನು ಬಿಡಿಸಿ, ನಾಲ್ಕನ್ನೂ ಕಪಾಟಿನ ಮೇಲೆ ಅಂಟು ಒಣಗಿಸುವ ಕಲ್ಲಿನ ಕೆಳಗಿಟ್ಟು, “ಅತಿ ಮುಖ್ಯ” ಎಂದು ಚೀಟಿ ಬರೆದು ಸಿಕ್ಕಿಸಿದರು. ಎಲ್ಲ ಮುಗಿದ ಮೇಲೆ ಸಾವಧಾನವಾಗಿ ಹೋಲಿಸಿ, ಒಂದನ್ನು ಆರಿಸಿ ಸೇರಿಸುವುದೆಂದುಕೊಂಡರು.

ಅಷ್ಟರಲ್ಲಿ ಭಾನುವಾರಗಳು ಬಂದವು, ಹೋದವು. ಭಾವಮೈದುನ ಕೇಳುತ್ತಲೇ ಇದ್ದ, ಬೈಂಡರು “ಬರ್ತಿದೆ, ಬರ್ತಿದೆ” ಎನ್ನುತ್ತಲೇ ಇದ್ದರು. ಬರಬರುತ್ತ ಅವನು ಕೇಳುವ ದನಿ ಸಣ್ಣದಾಗುತ್ತಿತ್ತು. ತಮ್ಮ ಸಿದ್ಧತೆ ಕಂಡು ಹೆದರಿದ್ದಾನೆ ಎಂದು ಬೈಂಡರು ಒಳಗೊಳಗೇ ಹಿಗ್ಗಿದರು. ಊಟವಾದೊಡನೆ ಇವರು ಸೂಜಿ ದಾರ ಹಿಡಿದು ಮುಂದಿನ ಕೋಣೆ ಸೇರಿದರೆ, ಅವನು ಅಡುಗೆಮನೆಯಲ್ಲಿ ಅಕ್ಕನ ಜೊತೆ ಪಾತ್ರೆ ತೊಳೆಯಲು ನಿಲ್ಲುತ್ತಿದ್ದ.

ಕೊನೆಗೂ ಪುಸ್ತಕ ಸಿದ್ಧವಾಯಿತು. ಕಡುಗೆಂಪು ರಟ್ಟು, ಬೆನ್ನಿಗೆ ಐದು ಉಬ್ಬು, ಚಿನ್ನದ ಬಣ್ಣದ ಅಕ್ಷರ, ಗುರುತಿಗೆ ಮೂರು ರಿಬ್ಬನ್ನು. ಮೂವತ್ತು ವರ್ಷದಲ್ಲಿ ಇಂಥ ಕೆಲಸ ಬೈಂಡರ ಕೈಯಿಂದ ಬಂದಿರಲಿಲ್ಲ. ಮರುದಿನದ ಭಾನುವಾರ ಊಟದ ಮೇಜಿನ ಮೇಲೆ ಅದನ್ನು ಧೊಪ್ಪೆಂದು ಇಟ್ಟಾಗ ನೀರಿನ ಲೋಟಗಳು ನಡುಗಿದವು.

ಭಾವಮೈದುನ ಅಂದು ತನ್ನ ಜಿಪ್ಪಿನ ಪುಸ್ತಕ ತಂದಿರಲಿಲ್ಲ. ಒಗೆದ ಅಂಗಿ ಹಾಕಿಕೊಂಡು, ಏನೋ ಹೇಳಬೇಕೆಂದು ಬಂದವನ ಹಾಗೆ ಕೂತಿದ್ದ. “ಭಾವ, ಇವತ್ತು ಒಂದು ಮಾತು…” ಎಂದ.

“ಮಾತು ಆಮೇಲೆ. ಮೊದ್ಲು ಇದನ್ನ ನೋಡು. ನಿಮ್ಮ ಬೈಬಲ್‌ನಲ್ಲಿ ಏಳು ಪುಸ್ತಕ ಇಲ್ಲ, ಗೊತ್ತಾ? ಏಳು! ಒಂದು ಪುಟ ಕಡಿಮೆ ಬಿದ್ರೆ ಗಿರಾಕಿ ನನ್ನ ಮುಖಕ್ಕೆ ಎಸೆದು ಹೋಗ್ತಾನೆ. ನೀವು ಏಳು ಪುಸ್ತಕ ಇಲ್ಲದೇನೇ ಸ್ವರ್ಗಕ್ಕೆ ಹೊರಟಿದೀರಿ!”

“ರೀ, ಅವನು ಏನೋ ಹೇಳ್ತಿದಾನೆ” ಎಂದಳು ಹೆಂಡತಿ.

“ಆರು ತಿಂಗಳು ಅವನೇ ಹೇಳಿದ್ದು. ಇವತ್ತು ನನ್ನ ಸರದಿ.” ಬೈಂಡರಿಗೆ ಮಾತಿನ ಮದವೇರಿತ್ತು. ಆರು ತಿಂಗಳು ಕೆಮ್ಮಿದ್ದು, ನೀರು ಕುಡಿದದ್ದು ಎಲ್ಲ ಒಟ್ಟಿಗೆ ನುಗ್ಗಿ ಬಂತು. “ಹೆಂಡ್ತಿ ಮಣ್ಣಾಗಿ ವರ್ಷ ತುಂಬಿಲ್ಲ, ಅವಳಿಗೊಂದು ಪ್ರಾರ್ಥನೆನೂ ಬೇಡ ಅನ್ನೋರ ಜೊತೆ ಸೇರ್ಕೊಂಡೆ. ಅವಳನ್ನ ಮರೆಯೋಕೆ ಇದಕ್ಕಿಂತ ಸುಲಭದ ದಾರಿ ಸಿಗ್ಲಿಲ್ವಾ ನಿನಗೆ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೈಂಡರಿಗೇ ಆ ಮಾತು ಬೇರೆ ಯಾರೋ ಆಡಿದ ಹಾಗೆ ಕೇಳಿಸಿತು, ಆದರೆ ಕೋಣೆಯಲ್ಲಿ ಮಾತಾಡುತ್ತಿದ್ದವರು ಅವರೊಬ್ಬರೇ.

ಭಾವಮೈದುನ ತಟ್ಟೆಯನ್ನೇ ನೋಡುತ್ತ ಹೇಳಿದ: “ತೋರ್ಸಿ ಭಾವ.”

ಬೈಂಡರು ಕೆಂಪು ರಿಬ್ಬನ್ ಎಳೆದು ಪುಸ್ತಕ ತೆರೆದರು. ಮಕ್ಕಬಿಯರ ಮೊದಲ ಗ್ರಂಥ ಇತ್ತು. ಪುಟ ತಿರುವಿದರು. ಯೋಬನ ಗ್ರಂಥ ಬಂತು. ಹಿಂದಕ್ಕೆ ತಿರುವಿದರು, ಮುಂದಕ್ಕೆ ತಿರುವಿದರು, ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಹಾಳೆ ಬಿಡಿಸಿದರು. ಕೀರ್ತನೆಗಳು ಎರಡು ಸಲ ಇದ್ದವು. ಎರಡನೇ ಗ್ರಂಥ ಎಲ್ಲೂ ಇರಲಿಲ್ಲ. ಅತಿ ಮುಖ್ಯವೆಂದು ಎತ್ತಿಟ್ಟದ್ದು ಎತ್ತಿಟ್ಟಲ್ಲೇ ಉಳಿದಿತ್ತು.

“ನಿಮ್ಮದ್ರಲ್ಲೂ ಇಲ್ವಲ್ಲ ಭಾವ” ಎಂದ ಭಾವಮೈದುನ. ಆ ದನಿಯಲ್ಲಿ ಗೆದ್ದವನ ಗತ್ತು ಒಂದಿಷ್ಟೂ ಇರಲಿಲ್ಲ. ಅರ್ಧ ಊಟಕ್ಕೇ ಎದ್ದು ಕೈ ತೊಳೆದು, ಅಕ್ಕನಿಗೆ “ಬರ್ತೀನಿ” ಎಂದು ಹೇಳಿ ಹೋದ. ಭಾವನಿಗೆ ಹೇಳಲಿಲ್ಲ.

ಬೈಂಡರು ಎದ್ದುಬಿದ್ದು ಮುಂದಿನ ಕೋಣೆಗೆ ಓಡಿ ಕಲ್ಲು ಎತ್ತಿದರು. ಚೀಟಿ ಇತ್ತು. ಫಾರಂಗಳನ್ನು ಎಣಿಸಿದರು: ಮೂರು.

“ಲೇ! ನಾಲ್ಕಿತ್ತು! ಸುಲಭ ಭಾಷೆಯದು ಎಲ್ಲಿ?”

“ನಾನೇ ತಗೊಂಡು ಅವನಿಗೆ ಕೊಟ್ಟೆ” ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು. “ಎರಡು ತಿಂಗಳಾಯ್ತು.”

“ಕೊಟ್ಯಾ? ಅದು ಅತಿ ಮುಖ್ಯ ಅಂತ ಬರೆದಿದ್ದೆ, ಕಾಣ್ಲಿಲ್ವಾ?”

“ಕಾಣ್ತು. ಅದಕ್ಕೇ ಕೊಟ್ಟೆ. ಅತಿ ಮುಖ್ಯವಾಗಿದ್ದದ್ದು ಅವನಿಗೆ. ನೀವು ಇಲ್ಲಿ ಹೊಲೀತಾ ಕೂತಾಗ ನಾವಿಬ್ರೂ ಅಲ್ಲಿ ಪಾತ್ರೆ ತೊಳೆದು, ಆ ಹಾಳೆ ಓದಿ, ಅವಳ ಹೆಸರು ಹೇಳಿ ಪ್ರಾರ್ಥನೆ ಮಾಡ್ತಿದ್ವಿ. ಒಂದು ವಾರನೂ ತಪ್ಪಿಸಿಲ್ಲ.”

ಬೈಂಡರು ಕಲ್ಲನ್ನು ಕೈಯಲ್ಲೇ ಹಿಡಿದು ನಿಂತಿದ್ದರು. “ಸಿಕ್ಕಿದ ಮೇಲೂ ನನ್ನ ಯಾಕೆ ಕೇಳ್ತಿದ್ದ ಮತ್ತೆ? ನನ್ನ ಸೋಲಿಸೋಕೆ ತಾನೇ?”

“ಅಯ್ಯೋ, ಸೋಲಿಸೋಕಲ್ಲರೀ! ಅವನಿಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಆ ಮಂದಿರದವರು ಬೇಡ ಅಂದ್ರು. ಇವನಿಗೆ ಅವಳಿಗೋಸ್ಕರ ಪ್ರಾರ್ಥಿಸದೆ ಇರೋಕೆ ಆಗ್ತಿರ್ಲಿಲ್ಲ. ಎಲ್ಲಾದ್ರೂ ಬರೆದಿದ್ರೆ ಸಾಕು ಅಂತ ಒದ್ದಾಡ್ತಿದ್ದ. ನಾನು ತೋರಿಸಿದೆ, ಸರಿ. ಆದ್ರೂ ನಿಮ್ಮ ಬಾಯಲ್ಲಿ ಕೇಳ್ಬೇಕು ಅಂತ ಅವನಿಗೆ. ಅಪ್ಪ ಹೋದ್ಮೇಲೆ ಅವನಿಗೆ ದೊಡ್ಡೋರು ಅಂತ ಇರೋದು ನೀವೊಬ್ರೇ.”

“ಮತ್ತೆ ಆ ತಗಡಿನ ಮಂದಿರಕ್ಕೆ ಯಾಕೆ ಹೋದ?”

“ಅವಳು ಆಸ್ಪತ್ರೇಲಿದ್ದಾಗ ದಿನಾ ಬಂದು ಪಕ್ಕದಲ್ಲಿ ಕೂತಿದ್ದೋರು ಅವರು. ನೀವೂ ಬಂದಿದ್ರಿ. ಹಣ್ಣು ಕೊಟ್ಟು, ಹತ್ತು ನಿಮಿಷ ನಿಂತು, ಅಂಟು ಒಣಗತ್ತೆ ಅಂತ ಹೊರಟ್ರಿ.” ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇವತ್ತು ಯಾಕೆ ಬಂದಿದ್ದ ಗೊತ್ತಾ? ಶನಿವಾರ ಅವಳ ವರ್ಷದ ಪೂಜೆ, ನಮ್ಮ ಚರ್ಚಲ್ಲೇ. ನೀವು ಬೈಬಲ್ ವಾಚನ ಓದ್ಬೇಕು ಅಂತ ಕೇಳೋಕೆ ಬಂದಿದ್ದ.”

ಬೈಂಡರಿಗೆ ಕುರ್ಚಿ ಬೇಕಾಯಿತು. ಇದ್ದ ಒಂದು ಕುರ್ಚಿಯ ಮೇಲೂ ಪ್ರವಾದಿಗಳ ಚೂರುಗಳಿದ್ದವು. ಗೆದ್ದು ಕರೆತರಬೇಕೆಂದಿದ್ದವನು ತಾನಾಗಿಯೇ ಹೊಸ್ತಿಲವರೆಗೆ ಬಂದಿದ್ದ. ಇವರು ಬಾಗಿಲಲ್ಲೇ ನಿಂತು ಅಟ್ಟಿದ್ದರು.

ಆ ವಾರವೆಲ್ಲ ಬೈಂಡರಿಗೆ ಊಟ ಸೇರಲಿಲ್ಲ, ಕೆಲಸ ಸಾಗಲಿಲ್ಲ. ಮೂರು ಸಲ ಫ್ರಿಜ್ ಅಂಗಡಿಯ ತಿರುವಿನವರೆಗೆ ಹೋದರು. ಒಮ್ಮೆ ಭಾವಮೈದುನ ಒಂದು ಹಳೆಯ ಫ್ರಿಜ್ಜಿನೊಳಗೆ ತಲೆ ಹಾಕಿ ಕೂತಿದ್ದು ಕಾಣಿಸಿತು. ಹೊರಗೆ ತಲೆ ತೆಗೆದರೆ ಏನು ಹೇಳುವುದೆಂದು ತಿಳಿಯದೆ ಇವರು ತಿರುಗಿ ಬಂದರು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಬುದ್ಧಿ ಬಂದಿತ್ತು ನಿಜ. ಕಾಲು ಮಾತ್ರ ಬರಲೊಲ್ಲದು.

ಶನಿವಾರ ಬೆಳಿಗ್ಗೆ ಚರ್ಚಿನ ಕೊನೆಯ ಬೆಂಚಿನಲ್ಲಿ, ಕಂಬದ ಮರೆಯಲ್ಲಿ ಬೈಂಡರು ಕೂತರು. ಮೊದಲ ಬೆಂಚಿನಲ್ಲಿ ಭಾವಮೈದುನ. ಅವನ ಎರಡೂ ಪಕ್ಕ ಆ ತಗಡಿನ ಮಂದಿರದ ಇಬ್ಬರು, ಏಳುವುದು ಯಾವಾಗ ಕೂರುವುದು ಯಾವಾಗ ಎಂದು ತಿಳಿಯದೆ ಅಕ್ಕಪಕ್ಕದವರನ್ನು ನೋಡಿ ಏಳುತ್ತಿದ್ದರು. ವಾಚನ ಓದಲು ಎದ್ದದ್ದು ಬೈಂಡರ ಹೆಂಡತಿ. ಮಕ್ಕಬಿಯರ ಎರಡನೇ ಗ್ರಂಥ. ಅವಳು ಅಡುಗೆಮನೆಯಲ್ಲಿ ಮಾತಾಡುವ ದನಿಯಲ್ಲೇ ಓದಿದಳು, ಸತ್ತವರನ್ನು ನೆನೆದು ಮಾಡಿದ ಪ್ರಾರ್ಥನೆ ವ್ಯರ್ಥವಲ್ಲ ಎನ್ನುವ ಅರ್ಥದ ಮಾತು ಬಂದಾಗ ತಲೆಯೆತ್ತಿ ತಮ್ಮನ ಕಡೆ ನೋಡಿದಳು. ಅದು ಚರ್ಚಿನ ಪುಸ್ತಕ. ನಾಲ್ಕರಲ್ಲಿ ಯಾವುದೂ ಅಲ್ಲದ ಐದನೆಯ ಅನುವಾದ. ಬೈಂಡರಿಗೆ ಒಂದು ಶಬ್ದವೂ ತಪ್ಪದೆ ಅರ್ಥವಾಯಿತು. ಅವರು ಮುಖ ಮುಚ್ಚಿಕೊಂಡು ಅತ್ತರು.

ಪೂಜೆ ಮುಗಿದು ಎಲ್ಲರೂ ಹೊರಗೆ ಮೆಟ್ಟಿಲ ಮೇಲೆ ನಿಂತಾಗ ಬೈಂಡರು ಜನರನ್ನು ಸರಿಸಿಕೊಂಡು ಹೋಗಿ ಭಾವಮೈದುನನ ಮುಂದೆ ನಿಂತರು.

“ನಾನು ಅವತ್ತು ಆಡಿದ ಮಾತು… ತಪ್ಪಾಯ್ತು ಕಣೋ” ಎಂದರು.

ಭಾವಮೈದುನ ಜೇಬಿನಿಂದ ಒಂದು ಮಡಿಕೆ ತೆಗೆದ. ಅದೇ ಫಾರಂ. ನೀರಿನ ಕಲೆ, ಸೋಪಿನ ವಾಸನೆ. ನಡುವಿನ ಮಡಿಕೆ ಹರಿದು ಹಾಳೆಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದವು.

“ದಿನಾ ತೆಗೆದು ತೆಗೆದು ಹರಿದೋಗ್ತಿದೆ ಭಾವ. ಒಂದೆರಡು ಹೊಲಿಗೆ ಹಾಕಿ ಕೊಡ್ತೀರಾ?”

ಬೈಂಡರ ಎದೆ ತುಂಬಿ ಬಂತು. ಕ್ಷಮಿಸಿದ್ದೇನೆ ಎಂದು ಇದಕ್ಕಿಂತ ಚೆನ್ನಾಗಿ ಯಾರು ಹೇಳುತ್ತಾರೆ? ಅವರ ಕಾಲರಿನಲ್ಲಿ ಯಾವಾಗಲೂ ಸೂಜಿ ದಾರ ಚುಚ್ಚಿಯೇ ಇರುತ್ತಿತ್ತು, ಅಂದೂ ಇತ್ತು. ಫಾರಂ ತೆಗೆದುಕೊಂಡರು. ಬೆಳಕಿಗೆ ಹಿಡಿದು ನೋಡಿದರು, ಅಂಚು ಸವರಿದರು.

“ಹಾಕ್ತೀನಿ, ಹಾಕ್ತೀನಿ. ಬರೀ ಹೊಲಿಗೆ ಯಾಕೆ? ರಟ್ಟು ಹಾಕೋಣ. ಬಟ್ಟೆ ರಟ್ಟಾದ್ರೆ ನೋಡೋಕೆ ಚೆಂದ, ಆದ್ರೆ ನಿನ್ನದು ಒದ್ದೆ ಕೈ. ರೆಕ್ಸಿನ್ ಆದ್ರೆ ಬಾಳಿಕೆ ಬರುತ್ತೆ, ಆದ್ರೆ ಬಿಸಿಲಿಗೆ ಸೆಡೆಯುತ್ತೆ. ಅಲ್ಲಾ, ಈ ಕಾಗದನೇ ತೆಳು. ಹಳೇ ಬೈಬಲ್‌ದು ಫಾರಂ ಇನ್ನೂ ನನ್ನ ಹತ್ರ ಇದೆ, ಅದರ ಕಾಗದ ಗಟ್ಟಿ, ಭಾಷೆನೂ ಗಂಭೀರ. ಇಲ್ಲಾ, ಮೂರನ್ನೂ ಒಂದು ಸಲ ಪಕ್ಕ ಪಕ್ಕ ಇಟ್ಟು ನೋಡಿ…”

“ರೀ” ಎಂದಳು ಹೆಂಡತಿ.

ಬೈಂಡರು ಬಾಯಿ ಮುಚ್ಚುವಷ್ಟರಲ್ಲಿ ಭಾವಮೈದುನ ಅವರ ಕೈಯಿಂದ ಫಾರಂ ಮೆಲ್ಲಗೆ ವಾಪಸು ತೆಗೆದುಕೊಂಡಿದ್ದ. ಒಂದು ವರ್ಷದ ಮೇಲೆ ಮೊದಲ ಸಲ ಅವನ ಮುಖದಲ್ಲಿ ನಗುವಿನಂಥದ್ದೇನೋ ಕಾಣಿಸಿತು.

“ಬೇಡ ಬಿಡಿ ಭಾವ. ಹೀಗೇ ಮಡಚಿ ಇಟ್ಕೊಳ್ತೀನಿ” ಎಂದು ಅದನ್ನು ಜೇಬಿಗೆ ಹಾಕಿ ಮೇಲಿನಿಂದ ಒಮ್ಮೆ ತಟ್ಟಿಕೊಂಡ. ಅಕ್ಕ ಅವನ ತೋಳು ಹಿಡಿದಳು. ಇಬ್ಬರೂ ಸಮಾಧಿಗಳ ಕಡೆ ಮೆಟ್ಟಿಲಿಳಿದು ಹೋದರು.

ಬೈಂಡರು ಸೂಜಿ ಕೈಯಲ್ಲಿ ಹಿಡಿದು ಅಲ್ಲೇ ನಿಂತರು. ಒಂದೆರಡು ಹೊಲಿಗೆಯ ಕೆಲಸ, ಅಷ್ಟೇ ಇತ್ತು.